ನಜಾಶಿಯ ನಾಡು, ನಮ್ಮ 1948

ಹಿಜ್ರತ್ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಮದೀನಾ. ಜುಮಾ ಖುತ್ಬಾಗಳಲ್ಲೂ ಸೌರ್ ಗುಹೆ, ಅನ್ಸಾರರ ಸ್ವಾಗತ ಇವೆಲ್ಲ ವಿಸ್ತಾರವಾಗಿ ಬರುತ್ತವೆ. ಅದಕ್ಕೂ ಸುಮಾರು ಏಳು ವರ್ಷ ಮೊದಲು, ಕ್ರಿ.ಶ. 615ರ ಹೊತ್ತಿಗೆ ನಡೆದ ಹಬಶಾದ ಹಿಜ್ರತ್ ಮಾತ್ರ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಆದರೆ ಮುಸ್ಲಿಮರು ಆರೋಪ ಹೊತ್ತು ಪರರಾಜನ ದರ್ಬಾರಿನಲ್ಲಿ ನಿಂತದ್ದು, ಅಲ್ಲಿ ಅವರಿಗೆ ನ್ಯಾಯ ಸಿಕ್ಕಿದ್ದು ಆ ಹಿಜ್ರತ್‌ನಲ್ಲೇ.

ಹಝ್ರತ್ ಉಮ್ಮು ಸಲಮಾ (ರ) ಆ ಘಟನೆಯನ್ನು ಕಣ್ಣಾರೆ ಕಂಡವರು. ಮಕ್ಕಾದ ಕುರೈಶರು ಅಮ್ರ್ ಇಬ್ನುಲ್ ಆಸ್ ಮತ್ತು ಅಬ್ದುಲ್ಲಾ ಇಬ್ನ್ ಅಬೀ ರಬೀಅ ಎಂಬ ಇಬ್ಬರು ದೂತರನ್ನು ಚರ್ಮದ ಬೆಲೆಬಾಳುವ ಕಾಣಿಕೆಗಳೊಂದಿಗೆ ಕಳಿಸಿದರು. ಅವರು ರಾಜನನ್ನು ಕಾಣುವ ಮುಂಚೆ ಪಾದ್ರಿಗಳಿಗೆಲ್ಲ ಒಬ್ಬೊಬ್ಬರಾಗಿ ಕಾಣಿಕೆ ಮುಟ್ಟಿಸಿದರು. ಅವರ ಬೇಡಿಕೆ ಒಂದೇ: ಓಡಿಬಂದ ಈ ಜನರ ಮಾತು ಕೇಳದೆಯೇ ಅವರನ್ನು ನಮಗೆ ಒಪ್ಪಿಸಬೇಕು. ಪಾದ್ರಿಗಳು ಆಗಲಿ ಎಂದರು. ನಜಾಶಿ ದೊರೆ ಮಾತ್ರ ಸಿಟ್ಟಾದರು. ನನ್ನ ಆಶ್ರಯ ಕೋರಿ ಬಂದವರನ್ನು ಕರೆಸಿ ವಿಚಾರಿಸದೆ ಕೊಡಲಾರೆ ಎಂದರು. ಹಝ್ರತ್ ಜಾಫರ್ (ರ) ಎದ್ದುನಿಂತು ತಮ್ಮ ಜನರ ಹಿಂದಿನ ಬದುಕು, ಪ್ರವಾದಿ(ಸ)ಯವರ ಬೋಧನೆ, ತಾವು ಅನುಭವಿಸಿದ ಹಿಂಸೆ ಎಲ್ಲವನ್ನೂ ಹೇಳಿ ಸೂರಃ ಮರ್ಯಮ್‌ನ ಆರಂಭವನ್ನು ಓದಿದರು. ಅವರ ಮಾತಿನ ಮೊದಲ ಭಾಗವನ್ನು ಗಮನಿಸಬೇಕು. ನಾವು ಅಜ್ಞಾನಿಗಳಾಗಿದ್ದೆವು, ನಮ್ಮಲ್ಲಿ ಬಲಿಷ್ಠನು ದುರ್ಬಲನನ್ನು ನುಂಗುತ್ತಿದ್ದನು ಎಂದು ಸ್ವಂತ ಜನರ ತಪ್ಪನ್ನು ಮೊದಲು ಒಪ್ಪಿಕೊಂಡೇ ಅವರು ವಾದ ಶುರುಮಾಡಿದರು. ದೊರೆ ಕಾಣಿಕೆಗಳನ್ನು ಹಿಂದಿರುಗಿಸಿದರು. ಮುಂದೆ ನಜಾಶಿ ತೀರಿಕೊಂಡಾಗ ಪ್ರವಾದಿ(ಸ)ಯವರು ಮದೀನಾದಲ್ಲೇ ಅವರ ಜನಾಝಾ ನಮಾಝ್ ನೆರವೇರಿಸಿದ ವಿಷಯ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ.

ಆ ಹಬಶಾವೇ ಇಂದಿನ ಇಥಿಯೋಪಿಯಾ ಮತ್ತು ಎರಿಟ್ರಿಯಾ. ಇಥಿಯೋಪಿಯಾದ ಉತ್ತರಕ್ಕೆ ತಿಗ್ರಾಯ್ ಎಂಬ ಪ್ರಾಂತ್ಯವಿದೆ, ಅಲ್ಲಿ ನೆಗಾಶ್ ಎಂಬ ಊರು. ಹಿಜ್ರತ್ ಮಾಡಿ ಅಲ್ಲೇ ತೀರಿಕೊಂಡ ಸಹಾಬಿಗಳ ಸಮಾಧಿಗಳು ಅಲ್ಲಿನ ಮಸೀದಿಯ ಆವರಣದಲ್ಲಿವೆ ಎಂದು ಆ ನಾಡಿನ ಮುಸ್ಲಿಮರು ನಂಬುತ್ತಾರೆ. 2020ರ ನವೆಂಬರ್‌ನಲ್ಲಿ ಇಥಿಯೋಪಿಯಾ ಸರ್ಕಾರಕ್ಕೂ ತಿಗ್ರಾಯ್ ಜನವಿಮೋಚನಾ ರಂಗಕ್ಕೂ ಯುದ್ಧ ಶುರುವಾಯಿತು, ಎರಿಟ್ರಿಯಾದ ಸೈನ್ಯ ಸರ್ಕಾರದ ಜೊತೆ ಸೇರಿತು. ಕೆಲವೇ ವಾರಗಳಲ್ಲಿ ನೆಗಾಶ್‌ನ ಮಸೀದಿಗೆ ಶೆಲ್ ಬಿದ್ದು ಹಾನಿಯಾಯಿತು, ಲೂಟಿಯೂ ಆಯಿತು. ಅದೇ ದಿನಗಳಲ್ಲಿ ಕ್ರೈಸ್ತರ ಪುಣ್ಯನಗರ ಆಕ್ಸುಮ್‌ನಲ್ಲಿ ಎರಿಟ್ರಿಯಾದ ಸೈನಿಕರು ನೂರಾರು ನಾಗರಿಕರನ್ನು ಕೊಂದರೆಂದು ಆಮ್ನೆಸ್ಟಿ ವರದಿ ಮಾಡಿತು. ಅದಕ್ಕೂ ಮೊದಲು ಮೈ ಕಾದ್ರಾ ಎಂಬಲ್ಲಿ ತಿಗ್ರಾಯ್ ಯುವಕರ ಗುಂಪುಗಳು ಅಮ್ಹಾರಾ ಜನರನ್ನು ಕೊಂದಿದ್ದವು. ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ 2021ರ ಡಿಸೆಂಬರ್‌ನಲ್ಲಿ ನೇಮಿಸಿದ ತಜ್ಞರ ಆಯೋಗ, ಎಲ್ಲ ಪಕ್ಷಗಳೂ ಯುದ್ಧಾಪರಾಧ ಮಾಡಿವೆ ಎಂದು ತೀರ್ಮಾನಿಸಿತು.

2022ರ ನವೆಂಬರ್ 2ರಂದು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಒಪ್ಪಂದವಾಗಿ ಬಂದೂಕುಗಳು ನಿಂತವು. ಸತ್ತವರು 6 ಲಕ್ಷದವರೆಗೂ ಇರಬಹುದೆಂದು ಸಂಧಾನ ನಡೆಸಿದ ನೈಜೀರಿಯಾದ ಮಾಜಿ ಅಧ್ಯಕ್ಷ ಒಬಸಾಂಜೊ ಹೇಳಿದರು. ಆದರೆ ಎರಿಟ್ರಿಯಾ ಆ ಮೇಜಿನ ಬಳಿ ಇರಲೇ ಇಲ್ಲ. ತಜ್ಞರ ಆಯೋಗದ ಅವಧಿಯನ್ನು ಯಾವ ದೇಶವೂ ಮುಂದುವರಿಸಲು ಕೇಳಲಿಲ್ಲ, ಹಾಗಾಗಿ 2023ರ ಅಕ್ಟೋಬರ್‌ನಲ್ಲಿ ಅದು ಬಾಗಿಲು ಮುಚ್ಚಿತು. 2024ರ ಏಪ್ರಿಲ್‌ನಲ್ಲಿ ಇಥಿಯೋಪಿಯಾದ ಮಂತ್ರಿಮಂಡಲ ತಾನೇ ಒಂದು ನ್ಯಾಯನೀತಿಯನ್ನು ಅಂಗೀಕರಿಸಿತು. ಯುದ್ಧ ಮಾಡಿದ ಸರ್ಕಾರವೇ ಯುದ್ಧದ ಲೆಕ್ಕ ನೋಡುವ ಏರ್ಪಾಡು ಅದು. ಎರಡೂ ಕಡೆಯ ಮಾತು ಕೇಳಿ ತೀರ್ಪು ಕೊಟ್ಟ ದೊರೆಯ ನಾಡಿನಲ್ಲಿ ಇಂದು ಕೇಳುವವರೇ ಇಲ್ಲದಂತಾಗಿದೆ.

ಇದೆಲ್ಲ ದೂರದ ಸುದ್ದಿ, ರಾಯಚೂರಿಗೇನು ಸಂಬಂಧ ಎನ್ನುವವರಿಗೆ ಒಂದು ಮಾತು. ಹಬಶಿಗಳು ನಮ್ಮ ದಖ್ಖನಿಗೆ ಪರಕೀಯರಲ್ಲ. ಔರಂಗಾಬಾದಿಗೆ ಬುನಾದಿ ಹಾಕಿದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾಗಿ ಬಂದವರು. ಮಾನ್ವಿಯಿಂದ ತುಂಗಭದ್ರೆ ದಾಟಿದರೆ ಆದೋನಿ. ಅಲ್ಲಿನ ಜಾಮಿಯಾ ಮಸೀದಿ ಕಟ್ಟಿಸಿದವರು ಬಿಜಾಪುರದ ಆದಿಲ್‌ಶಾಹಿಗಳ ಸರದಾರ ಸಿದ್ದಿ ಮಸೂದ್ ಖಾನ್, ಅವರೂ ಹಬಶಿಯೇ. ರಾಘವೇಂದ್ರ ಸ್ವಾಮಿಗಳಿಗೆ ಮಂಚಾಲೆ ಗ್ರಾಮವನ್ನು, ಅಂದರೆ ಇಂದಿನ ಮಂತ್ರಾಲಯವನ್ನು, ಕೊಟ್ಟ ಆದೋನಿಯ ನವಾಬ ಇವರೇ ಎಂದು ಮಠದ ಪರಂಪರೆ ಹೇಳುತ್ತದೆ.

ಆದರೆ ನಾನು ಈ ಲೇಖನ ಬರೆಯಲು ಕಾರಣ ಅದಲ್ಲ. ತಿಗ್ರಾಯ್‌ನ ಸುದ್ದಿ ಓದುವಾಗಲೆಲ್ಲ ನನಗೆ ನಮ್ಮದೇ 1948 ಎದುರು ಬಂದು ನಿಲ್ಲುತ್ತದೆ.

ನಮ್ಮ ಭಾಗದಲ್ಲಿ ಆ ಒಂದು ವರ್ಷಕ್ಕೆ ಎರಡು ಹೆಸರುಗಳಿವೆ. ದೇವದುರ್ಗದ ಒಂದು ಓಣಿಯಲ್ಲಿ ಅದನ್ನು 'ರಜಾಕಾರರ ಹಾವಳಿ' ಎನ್ನುತ್ತಾರೆ, ಪಕ್ಕದ ಓಣಿಯಲ್ಲಿ 'ಪೊಲೀಸ್ ಆ್ಯಕ್ಷನ್' ಎನ್ನುತ್ತಾರೆ. ಮೊದಲಿನ ಹೆಸರಿನಲ್ಲಿ ಕಥೆ ಸೆಪ್ಟೆಂಬರ್ 17ಕ್ಕೆ ಮುಗಿಯುತ್ತದೆ. ಎರಡನೆಯದರಲ್ಲಿ ಅಂದೇ ಶುರುವಾಗುತ್ತದೆ. ಎರಡೂ ನಿಜವೇ, ಆದರೆ ಒಂದೊಂದೂ ಅರ್ಧ ಮಾತ್ರ. ಯಾವ ಮನೆಯವರು ಯಾವ ಅರ್ಧವನ್ನು ಹೇಳುತ್ತಾರೆ ಎಂಬುದು ಅವರ ಧರ್ಮದಿಂದ ನಿರ್ಧಾರವಾಗುತ್ತಿದೆ. ನಮ್ಮ ಊರಿನ ಶಾಂತಿ ಎಷ್ಟು ತೆಳುವಾದದ್ದು ಎಂಬುದಕ್ಕೆ ನನಗೆ ಬೇರೆ ಪುರಾವೆ ಬೇಡ.

ಜಾಫರ್(ರ)ರ ಕ್ರಮವನ್ನೇ ಅನುಸರಿಸಿ ನಮ್ಮ ಕಡೆಯಿಂದಲೇ ಆರಂಭಿಸೋಣ. 1947ರ ಆಗಸ್ಟ್‌ನಲ್ಲಿ ಬ್ರಿಟಿಷರು ಹೋದಾಗ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲು ಒಪ್ಪಲಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಆಗ 16 ಜಿಲ್ಲೆಗಳು. ಕನ್ನಡದವು ರಾಯಚೂರು, ಗುಲಬರ್ಗಾ, ಬೀದರ್. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆ ಹೊತ್ತಿಗೆ ಮಜ್ಲಿಸ್ ಇತ್ತಿಹಾದುಲ್ ಮುಸ್ಲಿಮೀನ್ ಸಂಘಟನೆ ಲಾತೂರಿನ ವಕೀಲ ಖಾಸಿಂ ರಜ್ವಿಯ ಕೈಯಲ್ಲಿತ್ತು. ಅದರ ಸ್ವಯಂಸೇವಕ ದಳವೇ ರಜಾಕಾರರು. 1948ರಲ್ಲಿ ಈ ದಳ ಹಳ್ಳಿಗಳನ್ನು ಸುಟ್ಟಿತು, ಸುಲಿಗೆ ಮಾಡಿತು, ಜನರನ್ನು ಕೊಂದಿತು. ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ಆ ವರ್ಷದ ಮೇ ತಿಂಗಳಲ್ಲಿ 200ಕ್ಕೂ ಹೆಚ್ಚು ಜನ ಹತರಾದರೆಂದು ಆ ಊರು ನೆನೆಯುತ್ತದೆ. ಅಂದಿನ ರಾಯಚೂರು ಜಿಲ್ಲೆಯ ಪಶ್ಚಿಮದ ಹಳ್ಳಿಗಳಿಂದ ಕುಟುಂಬಗಳು ಮನೆಮಠ ಬಿಟ್ಟು ಗಡಿಯಾಚೆಯ ಮುಂಡರಗಿ, ಗಜೇಂದ್ರಗಡದ ಕಡೆ ಹೋದವು. ಅಳವಂಡಿ ಶಿವಮೂರ್ತಿ ಸ್ವಾಮಿಗಳ ಮುಂದಾಳತ್ವದಲ್ಲಿ ಮುಂಡರಗಿ ಶಿಬಿರ ನಡೆದದ್ದು ಆ ಕಾಲದಲ್ಲೇ.

ಈ ವಿಷಯ ಬಂದಾಗ ನಮ್ಮವರು ಸಾಮಾನ್ಯವಾಗಿ ಮಾತು ತಿರುಗಿಸುತ್ತಾರೆ. ಅದು ರಾಜಕೀಯ, ದೀನಿಗೆ ಸಂಬಂಧವಿಲ್ಲ ಎನ್ನುತ್ತಾರೆ. ದೀನಿಗೆ ಸಂಬಂಧವಿಲ್ಲ ಎಂಬುದೇನೋ ಸರಿ. ಆದರೆ ರಜಾಕಾರರು ದೀನಿನ ಹೆಸರು ಹೇಳಿಯೇ ಆ ಕೆಲಸ ಮಾಡಿದರು. ಆ ಹೆಸರನ್ನು ಅವರಿಂದ ಹಿಂದಕ್ಕೆ ಪಡೆಯಬೇಕಾದವರು ನಾವೇ. ಸ್ವಂತಕ್ಕೆ, ತಂದೆತಾಯಿಗೆ ವಿರುದ್ಧವಾದರೂ ಸಾಕ್ಷ್ಯ ಹೇಳಬೇಕೆಂಬ ಆದೇಶ ಸೂರಃ ನಿಸಾದಲ್ಲಿದೆ. ಅದು ಕೋರ್ಟಿನ ಕಟಕಟೆಗೆ ಮಾತ್ರ ಅನ್ವಯಿಸುತ್ತದೆ, ಅಜ್ಜಂದಿರ ಕಾಲದ ಮಾತಿಗೆ ಅನ್ವಯಿಸುವುದಿಲ್ಲ ಎಂದು ಯಾವ ತಫ್ಸೀರಿನಲ್ಲೂ ನಾನು ಓದಿಲ್ಲ.

ಆ ಸಾಕ್ಷ್ಯವನ್ನು ಆ ಕಾಲದಲ್ಲೇ ಹೇಳಿದ ಮುಸ್ಲಿಮರಿದ್ದರು. ಹೈದರಾಬಾದಿನ 'ಇಮ್ರೋಝ್' ಉರ್ದು ದಿನಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್, ಇನ್ನೂ ಮೂವತ್ತು ತುಂಬದ ಯುವಕ, ರಜಾಕಾರರ ಕೃತ್ಯಗಳನ್ನು ಖಂಡಿಸಿ, ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆಯುತ್ತಿದ್ದರು. ಬೆದರಿಕೆ ಬಂದವು, ಅವರು ಬರೆಯುವುದನ್ನು ಬಿಡಲಿಲ್ಲ. 1948ರ ಆಗಸ್ಟ್ 21ರ ರಾತ್ರಿ, ಕಚೇರಿಯ ಕೆಲಸ ಮುಗಿಸಿ ಮನೆಗೆ ಹೋಗುವಾಗ ಕಾಚಿಗೂಡದಲ್ಲಿ ಅವರಿಗೆ ಗುಂಡಿಕ್ಕಿದರು, ಬರೆಯುವ ಕೈಯನ್ನು ಕತ್ತರಿಸಿದರು. ರಾಯಚೂರಿನಲ್ಲಿ ಅವರ ಹೆಸರು ಗೊತ್ತಿರುವ ಮುಸ್ಲಿಮ್ ಹುಡುಗರು ಎಷ್ಟು ಜನ? ಖಾಸಿಂ ರಜ್ವಿಯ ಹೆಸರಂತೂ ಎಲ್ಲರಿಗೂ ಗೊತ್ತು.

ಇನ್ನು ಎರಡನೆಯ ಅರ್ಧ. ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಹಲವು ದಿಕ್ಕುಗಳಿಂದ ಸಂಸ್ಥಾನದೊಳಗೆ ಬಂತು. ನಮ್ಮ ಕಡೆ ತುಂಗಭದ್ರೆಯ ಸೇತುವೆ ಮೊದಲ ದಿನವೇ ಅದರ ವಶವಾಯಿತು. ಸೆಪ್ಟೆಂಬರ್ 17ರ ಸಂಜೆ ನಿಜಾಮ್ ಕದನವಿರಾಮ ಘೋಷಿಸಿದರು, ಮರುದಿನ ಅವರ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರಿಗೆ ಶರಣಾದರು. ಸೇನೆಗಳ ನಡುವಿನ ಯುದ್ಧ ಐದೇ ದಿನದ್ದು. ಅದರ ನಂತರದ ವಾರಗಳಲ್ಲಿ ಹಳ್ಳಿಗಳಲ್ಲಿ ನಡೆದದ್ದು ಯುದ್ಧವಲ್ಲ, ಸೇಡು. ರಜಾಕಾರರಾಗಿದ್ದವರಲ್ಲಿ ಬಹಳಷ್ಟು ಜನ ಆ ವೇಳೆಗೆ ಓಡಿಹೋಗಿದ್ದರು. ಸಿಕ್ಕವರು ಓಡಿಹೋಗಲು ಕಾರಣವಿಲ್ಲದವರು, ಅಂದರೆ ಊರಿನ ಪಿಂಜಾರರು, ನೇಕಾರರು, ಸಣ್ಣ ರೈತರು.

ಆ ಸುದ್ದಿ ದೆಹಲಿ ಮುಟ್ಟಿದಾಗ ಪ್ರಧಾನಿ ನೆಹರೂ ಮೂವರನ್ನು ಕಳಿಸಿದರು. ಮುಖ್ಯಸ್ಥರು ಪಂಡಿತ್ ಸುಂದರಲಾಲ್; ಭಾರತದಲ್ಲಿ ಆಂಗ್ಲರ ಆಳ್ವಿಕೆಯ ಬಗ್ಗೆ ಅವರು ಹಿಂದಿಯಲ್ಲಿ ಬರೆದ ಗ್ರಂಥವನ್ನು ಬ್ರಿಟಿಷರು 1929ರಲ್ಲಿ ಮುಟ್ಟುಗೋಲು ಹಾಕಿದ್ದರು. ಇನ್ನಿಬ್ಬರು ಹೈದರಾಬಾದಿನ 'ಪಯಾಮ್' ಪತ್ರಿಕೆಯ ಸಂಪಾದಕರಾಗಿದ್ದ ಖಾಜಿ ಅಬ್ದುಲ್ ಗಫ್ಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ. ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅವರು 9 ಜಿಲ್ಲೆಗಳಲ್ಲಿ ಸುತ್ತಿದರು. 7 ಜಿಲ್ಲಾಕೇಂದ್ರ, 21 ಪಟ್ಟಣ, 23 ಹಳ್ಳಿಗಳನ್ನು ನೋಡಿದರು. ತಾವು ಹೋಗಲಾಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರನ್ನು ಕರೆಸಿ ಕೇಳಿದರು. ರಸ್ತೆಗಳ ಆ ಕಾಲದ ಸ್ಥಿತಿ ಗೊತ್ತಿದ್ದವರಿಗೆ ಮೂರು ವಾರದಲ್ಲಿ ಇದು ಎಷ್ಟು ದೊಡ್ಡ ಕೆಲಸವೆಂದು ತಿಳಿಯುತ್ತದೆ.

ಅವರ ಲೆಕ್ಕ ಹೀಗಿದೆ. ಎಷ್ಟೇ ಕಡಿಮೆ ಅಂದಾಜು ಹಾಕಿದರೂ ಸಂಸ್ಥಾನದಲ್ಲಿ ಪೊಲೀಸ್ ಆ್ಯಕ್ಷನ್ ವೇಳೆ ಮತ್ತು ಅದರ ನಂತರ ಸತ್ತವರು 27 ಸಾವಿರದಿಂದ 40 ಸಾವಿರ. ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್ ನಾಲ್ಕರಲ್ಲೇ 18 ಸಾವಿರಕ್ಕೆ ಕಡಿಮೆಯಿಲ್ಲ. ಔರಂಗಾಬಾದ್, ಬೀಡ್, ನಲ್ಗೊಂಡ, ಮೇದಕ್‌ಗಳಲ್ಲಿ ಕನಿಷ್ಠ 5 ಸಾವಿರ. ಅತಿ ಹೆಚ್ಚು ಹಾನಿಯಾದ ಆ ಎಂಟು ಜಿಲ್ಲೆಗಳ ಸಾಲಿನಲ್ಲಿ ರಾಯಚೂರು ಇಲ್ಲ. ಅಲ್ಹಮ್ದುಲಿಲ್ಲಾಹ್ ಎನ್ನಬೇಕಾದ್ದೇ, ಆದರೆ ಗುಲಬರ್ಗಾ ನಮಗೆ ಎಷ್ಟು ದೂರ? ದೇವದುರ್ಗದಿಂದ ಕೃಷ್ಣೆ ದಾಟಿದರೆ ಅಂದಿನ ಗುಲಬರ್ಗಾ ಜಿಲ್ಲೆ. ಆ ಕಡೆಯ ನೆಂಟರು ಇಲ್ಲದ ಮನೆ ನಮ್ಮಲ್ಲಿ ಕಡಿಮೆ.

ಕೊಂದವರು ಯಾರು? ಕಮಿಟಿ ಇಲ್ಲೂ ಒಂದೇ ಮಾತಿನಲ್ಲಿ ಮುಗಿಸಿಲ್ಲ. ಸೊಲ್ಲಾಪುರದ ಕಡೆಯಿಂದ ಬಂದ ಶಸ್ತ್ರಸಜ್ಜಿತ ಗುಂಪುಗಳು, ಸ್ಥಳೀಯ ದುಷ್ಕರ್ಮಿಗಳು ಎಂದಿತು. ಕೆಲವು ಕಡೆ ಪೊಲೀಸರೂ ಸೈನಿಕರೂ ಲೂಟಿಯಲ್ಲಿ, ಕೊಲೆಯಲ್ಲಿ ಸೇರಿದ್ದರೆಂದೂ ಬರೆಯಿತು. ಜೊತೆಗೆ ಸೇನೆಯ ಅಧಿಕಾರಿಗಳ ಶಿಸ್ತನ್ನೂ ಜನರಲ್ ಚೌಧುರಿಯವರ ನಡತೆಯನ್ನೂ ಹೊಗಳಿತು. ಹೆಚ್ಚು ರಕ್ತ ಹರಿದ ಮೊದಲ ನಾಲ್ಕು ಜಿಲ್ಲೆಗಳೇ ರಜಾಕಾರರಿಂದಲೂ ಹೆಚ್ಚು ನೊಂದಿದ್ದವು ಎಂಬುದನ್ನು ಮುಚ್ಚಿಡಲಿಲ್ಲ. ಎರಡು ಲಕ್ಷ ಸತ್ತರು ಎಂಬ ಮಾತೂ ನಮ್ಮವರ ನಡುವೆ ಓಡಾಡುತ್ತದೆ. ನಾನು ಕಮಿಟಿಯ ಸಂಖ್ಯೆಯನ್ನೇ ಹಿಡಿಯುತ್ತೇನೆ, ಏಕೆಂದರೆ ಅದನ್ನು ಯಾರು, ಎಷ್ಟು ದಿನ, ಎಷ್ಟು ಊರು ಸುತ್ತಿ ಲೆಕ್ಕ ಹಾಕಿದರೆಂಬುದು ಗೊತ್ತಿದೆ. ನೆರೆಯವರು ಸತ್ತವರ ಸಂಖ್ಯೆ ಕಡಿಮೆ ಮಾಡಿದರೆ ನಮಗೆ ಹೇಗೆ ನೋವಾಗುತ್ತದೋ, ಹೆಚ್ಚು ಮಾಡಿದರೂ ಸತ್ತವರಿಗೆ ಅದೇ ಅನ್ಯಾಯ.

ಆ ವರದಿಯಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಸಂಖ್ಯೆಯಲ್ಲ, ನೇಕಾರರ ಸಂಗತಿ. ಒಂದೇ ಕಸುಬಿನವರಲ್ಲಿ ಸಹಾನುಭೂತಿ ಎದ್ದು ಕಾಣುತ್ತಿತ್ತು ಎಂದು ಕಮಿಟಿ ದಾಖಲಿಸಿದೆ. ಹಲವು ಕಡೆ ಹಿಂದೂ ನೇಕಾರರು ಮುಸ್ಲಿಮ್ ನೇಕಾರರ ಪರವಾಗಿ ದಾಳಿಕೋರರಿಗೆ ಅಡ್ಡ ನಿಂತರು, ಕೆಲವರು ಪ್ರಾಣವನ್ನೇ ಕೊಟ್ಟರು. ಅಪಹರಣವಾದ ಹೆಣ್ಣುಮಕ್ಕಳನ್ನು ಮರಳಿ ಮನೆ ಸೇರಿಸಲು ಬಹಳಷ್ಟು ಹಿಂದೂಗಳು ನೆರವಾದರು. ಮಗ್ಗದ ಮುಂದೆ ಜೊತೆಗೆ ಕೂತವರು ಅವರು. ನೂಲಿನ ಸಾಲ ಒಬ್ಬರಿಗೊಬ್ಬರು ಕೊಟ್ಟವರು.

ವರದಿಗೆ ಏನಾಯಿತು? ಗೃಹಮಂತ್ರಿ ಸರ್ದಾರ್ ಪಟೇಲರು ಅದನ್ನು ಒಪ್ಪಲಿಲ್ಲ. ರಜಾಕಾರರ ಅತ್ಯಾಚಾರಗಳಿಗೆ ಅದು ತಕ್ಕ ಜಾಗ ಕೊಟ್ಟಿಲ್ಲ ಎಂಬುದು ಅವರ ಆಕ್ಷೇಪ. ಕಳಿಸಿದ್ದ ನೆಹರೂ ಸರ್ಕಾರವೂ ಅದನ್ನು ಪ್ರಕಟಿಸಲಿಲ್ಲ, ಅದರ ಆಧಾರದ ಮೇಲೆ ಯಾವ ವಿಚಾರಣಾ ಆಯೋಗವನ್ನೂ ನೇಮಿಸಲಿಲ್ಲ. ಆಗ ತಾನೇ ದೇಶ ಎರಡಾಗಿತ್ತು, ಗಾಂಧೀಜಿಯ ಕೊಲೆಯಾಗಿ ವರ್ಷವೂ ಆಗಿರಲಿಲ್ಲ. ಪ್ರಕಟಿಸಿದರೆ ಬೇರೆ ಕಡೆ ಬೆಂಕಿ ಹತ್ತೀತು ಎಂಬ ಭಯ ಇದ್ದಿರಬಹುದು. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಂದೆರಡು ವರ್ಷಕ್ಕೆ ಸರಿಯಾದ ಮೌನ ನಲವತ್ತು ವರ್ಷಕ್ಕೆ ಸರಿಯಾಗುವುದಿಲ್ಲ. 1988ರಲ್ಲಿ ಇತಿಹಾಸಕಾರ ಉಮರ್ ಖಾಲಿದಿ ಅದರ ಭಾಗಗಳನ್ನು ಪುಸ್ತಕವೊಂದರಲ್ಲಿ ತಂದರು. 2013ರಲ್ಲಿ ಎ.ಜಿ. ನೂರಾನಿ ತಮ್ಮ ಗ್ರಂಥದಲ್ಲಿ ವರದಿಯನ್ನು ಅಚ್ಚು ಹಾಕಿಸಿದರು. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದಲು ಸಿಗುತ್ತದೆ ಎಂಬ ಸುದ್ದಿ ಹರಡಿದ್ದೂ ಅದೇ ವರ್ಷ. ಸತ್ತವರ ಮಕ್ಕಳೇ ಮುದುಕರಾದ ಮೇಲೆ.

ಹಾಗಾದರೆ 1948ಕ್ಕೆ ಲೆಕ್ಕವೇ ಆಗಲಿಲ್ಲವೇ? ಒಂದಿಷ್ಟು ಆಯಿತು. ಖಾಸಿಂ ರಜ್ವಿಯ ಮೇಲೆ ಶೋಯೆಬುಲ್ಲಾ ಖಾನ್ ಕೊಲೆ, ಬೀಬಿನಗರದ ದರೋಡೆ ಮುಂತಾದ ಮೊಕದ್ದಮೆಗಳು ವಿಶೇಷ ನ್ಯಾಯಮಂಡಳಿಯಲ್ಲಿ ನಡೆದವು. ಬೀಬಿನಗರದ ಪ್ರಕರಣದಲ್ಲಿ ಶಿಕ್ಷೆಯಾಯಿತು. ವಿಶೇಷ ನ್ಯಾಯಮಂಡಳಿಯ ವಿಚಾರಣಾ ಕ್ರಮ ಸಮಾನತೆಯ ಹಕ್ಕಿಗೆ ವಿರುದ್ಧ ಎಂದು ಆತ ಸುಪ್ರೀಂ ಕೋರ್ಟಿಗೆ ಹೋದ. 1953ರಲ್ಲಿ ಐವರು ನ್ಯಾಯಮೂರ್ತಿಗಳು ಆ ವಾದವನ್ನು ಪೂರ್ತಿ ಕೇಳಿ, ಬಹುಮತದಿಂದ ಶಿಕ್ಷೆಯನ್ನು ಎತ್ತಿಹಿಡಿದರು. ದೇಶ ಅತ್ಯಂತ ದ್ವೇಷಿಸುತ್ತಿದ್ದ ವ್ಯಕ್ತಿಗೂ ಸಂವಿಧಾನದ 14ನೇ ವಿಧಿಯ ಹೆಸರಿನಲ್ಲಿ ವಾದಿಸಲು ಅವಕಾಶ ಸಿಕ್ಕಿತು. ಇದು ನಮ್ಮ ಗಣರಾಜ್ಯದ ಬಗ್ಗೆ ಹೆಮ್ಮೆಯಿಂದ ಹೇಳಬಹುದಾದ ಸಂಗತಿ. 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ ರಜ್ವಿ 1970ರಲ್ಲಿ ಕರಾಚಿಯಲ್ಲಿ ಸತ್ತ. ಪ್ರಧಾನಿ ಲಾಯಕ್ ಅಲಿ 1950ರ ಮಾರ್ಚ್‌ನಲ್ಲೇ ಗೃಹಬಂಧನದಿಂದ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿದ್ದರು. ಇನ್ನು ನಿಜಾಮರು 1950ರಿಂದ 1956ರವರೆಗೆ ಹೈದರಾಬಾದಿನ ರಾಜಪ್ರಮುಖರು! ಮೇಲಿನವರಿಗೆಲ್ಲ ಒಂದೊಂದು ದಾರಿ ಸಿಕ್ಕಿತು. ಗೋರ್ಟಾದ ವಿಧವೆಗೂ, ಉಸ್ಮಾನಾಬಾದ್ ಜಿಲ್ಲೆಯ ಯಾವುದೋ ಹಳ್ಳಿಯಲ್ಲಿ ಬಾವಿಯ ಬಳಿ ಮಗನನ್ನು ಹುಡುಕಿದ ತಾಯಿಗೂ ಹೋಗಿ ಹೇಳಿಕೊಳ್ಳಲು ಒಂದು ಕಟಕಟೆ ಇರಲಿಲ್ಲ.

ಪ್ರಿಟೋರಿಯಾ ಒಪ್ಪಂದವನ್ನು ಓದಿದಾಗ ನನಗೆ ಆತಂಕವಾಗುವುದು ಇದಕ್ಕೇ. ಅಲ್ಲೂ ಮೇಜಿನ ಸುತ್ತ ಕೂತವರು ಒಬ್ಬರನ್ನೊಬ್ಬರು ಕ್ಷಮಿಸಿಕೊಳ್ಳುತ್ತಿದ್ದಾರೆ. ನೆಗಾಶ್‌ನ ಮಸೀದಿಯ ಗುಮ್ಮಟವನ್ನು ಸರ್ಕಾರ ದುರಸ್ತಿ ಮಾಡಿಸಬಹುದು, ಅದು ಸುಲಭ. ನಮ್ಮಲ್ಲಿ 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಹೊಸ ರಾಜ್ಯ, ಹೊಸ ಭಾಷೆಯ ಕಚೇರಿ, ಹಳೆಯ ಮಾತು ಅಲ್ಲಿಗೇ ನಿಂತಿತು. 2019ರಿಂದ ಸೆಪ್ಟೆಂಬರ್ 17 ಕಲ್ಯಾಣ ಕರ್ನಾಟಕ ಉತ್ಸವ. ಅಂದು ಧ್ವಜ ಹಾರುತ್ತದೆ, ಭಾಷಣಗಳಾಗುತ್ತವೆ. ನಮ್ಮ ಹುಡುಗರು ಶಾಲೆಯ ಸಾಲಿನಲ್ಲಿ ನಿಂತು ರಜಾಕಾರ ಎಂಬ ಪದ ಬಂದಾಗಲೆಲ್ಲ ನೆಲ ನೋಡುತ್ತಾರೆ. ಅವರು ನೆಲ ನೋಡಬೇಕಾಗಿಲ್ಲ. ಆ ದಿನ ನಿರಂಕುಶ ಆಳ್ವಿಕೆಯಿಂದ ಬಿಡುಗಡೆಯಾದದ್ದು ಅವರ ಅಜ್ಜನಿಗೂ ಹೌದು. ಶೋಯೆಬುಲ್ಲಾ ಖಾನ್ ಬಗ್ಗೆ ಆ ಭಾಷಣದಲ್ಲಿ ಒಂದು ಮಾತು ಸೇರಿಸಿ ಎಂದು ಶಾಲೆಯ ಗುರುಗಳನ್ನು ಕೇಳಿಕೊಳ್ಳುವ ಧೈರ್ಯವನ್ನು ನಾವು ಅವರಿಗೆ ಕೊಡಬೇಕು. ನಂತರದ ವಾರಗಳ ಮಾತನ್ನು ಯಾರಾದರೂ ಎತ್ತಿದರೆ ಅದು ದೇಶದ್ರೋಹವಲ್ಲ, ದೇಶದ ಪ್ರಧಾನಿಯೇ ಕಳಿಸಿದ ಕಮಿಟಿಯ ಮಾತು ಎಂದು ಹೇಳಲು ಬೇಕಾದ ತಿಳಿವಳಿಕೆಯನ್ನೂ ಕೊಡಬೇಕು.

ಮಾನ್ವಿ, ದೇವದುರ್ಗ, ರಾಯಚೂರಿನ ಓದುಗರಲ್ಲಿ ಒಂದು ಕೋರಿಕೆ. 1948ರಲ್ಲಿ ಹತ್ತು ವರ್ಷದ ಹುಡುಗ ಹುಡುಗಿಯರಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ಮನೆಯಲ್ಲಿ ಅಂಥವರಿದ್ದರೆ ಕೂತು ಕೇಳಿ, ಬರೆದಿಟ್ಟುಕೊಳ್ಳಿ: ಊರು, ಓಣಿ, ಯಾರ ಮನೆಯಲ್ಲಿ ಅಡಗಿದ್ದರು, ರೊಟ್ಟಿ ಯಾರು ತಂದುಕೊಟ್ಟರು, ಅದಕ್ಕೂ ಮೊದಲಿನ ತಿಂಗಳುಗಳಲ್ಲಿ ಊರು ಬಿಟ್ಟು ಹೋದ ನೆರೆಯವರು ಯಾರು, ಅವರು ಮರಳಿ ಬಂದರೇ. ಪಕ್ಕದ ಓಣಿಯ ಹಿರಿಯರನ್ನೂ ಕೇಳಿ. ಅವರ ಬಳಿ ಇರುವುದು ಇನ್ನೊಂದು ಅರ್ಧ. ಸುಂದರಲಾಲರ ಕಮಿಟಿ ನೇಕಾರರ ಬಗ್ಗೆ ಬರೆದ ಆ ನಾಲ್ಕಾರು ಸಾಲುಗಳಲ್ಲಿ ಒಬ್ಬ ನೇಕಾರನ ಹೆಸರೂ ಇಲ್ಲ.